ಮಾಲೂರು ಬೆಂಗಳೂರಿನ ಒಳಗೋ ಹೊರಗೋ? ಅಂಕಿಅಂಶ ಕೂಡಿಸುವವರ ಪ್ರಶ್ನೆಗಳು

ನಗರಗಳ ಜನಸಂಖ್ಯೆ, ದುಡಿಮೆ, ಆದಾಯದ ಲೆಕ್ಕ ಹಿಡಿಯುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಂಗಳೂರು ಮಹಾನಗರದ ಆರ್ಥಿಕತೆ ಕುರಿತು ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಬೆಳಗಿನ ರೈಲಿಗೆ ಕೋಲಾರ ಜಿಲ್ಲೆಯ ಮಾಲೂರಿನಿಂದ ವೈಟ್‌ಫೀಲ್ಡ್, ಕೆ.ಆರ್. ಪುರದ ಕಡೆ ಹೋಗುವವರು ಬಹಳ. ಮಾಲೂರು, ನರಸಾಪುರಗಳನ್ನು ಮಹಾನಗರದ ಲೆಕ್ಕಕ್ಕೆ ಸೇರಿಸಬಹುದೇ?
— ವಿದ್ಯಾರ್ಥಿನಿ, ಮಾಲೂರು

ಉತ್ತರ: ಕಾನೂನಿನ ಲೆಕ್ಕದಲ್ಲಿ ಇಲ್ಲ. ಆದರೆ ಅದಕ್ಕೂ ಮೊದಲು ‘ಬೆಂಗಳೂರು’ ಎಂದು ನೀವು ಯಾವುದನ್ನು ಕರೆಯುತ್ತಿದ್ದೀರಿ ಎಂಬುದನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆಯಬೇಕು. ಬೆಂಗಳೂರಿಗೆ ಕನಿಷ್ಠ ನಾಲ್ಕು ಗಡಿಗಳಿವೆ, ನಾಲ್ಕಕ್ಕೂ ಬೇರೆ ಬೇರೆ ಸಂಖ್ಯೆ.

2011ರ ಜನಗಣತಿಯನ್ನೇ ತೆಗೆದುಕೊಳ್ಳಿ. ಅಂದಿನ ಬಿಬಿಎಂಪಿ ವ್ಯಾಪ್ತಿಯಲ್ಲಿ 84,43,675 ಜನ. ಪಾಲಿಕೆಗೆ ಅಂಟಿಕೊಂಡ ಪಟ್ಟಣಗಳನ್ನೂ ಸೇರಿಸಿದ ನಗರ ಸಮೂಹ, ಅಂದರೆ ಗಣತಿಯವರು ಅರ್ಬನ್ ಅಗ್ಲೋಮರೇಶನ್ ಎನ್ನುವುದು, 85,20,435. ಬೆಂಗಳೂರು ನಗರ ಜಿಲ್ಲೆ 96,21,551. ನಾಲ್ಕನೆಯದು ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಪ್ರದೇಶ: 1985ರ ಕಾಯ್ದೆಯ ಈ ವ್ಯಾಪ್ತಿಯಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಮತ್ತು ಹಳೆಯ ರಾಮನಗರ (ಈಗ ಬೆಂಗಳೂರು ದಕ್ಷಿಣ) ಜಿಲ್ಲೆಗಳಿವೆ, ವಿಸ್ತಾರ ಸುಮಾರು 8,000 ಚದರ ಕಿ.ಮೀ. ಮೂರು ಜಿಲ್ಲೆ ಕೂಡಿದರೆ 1.17 ಕೋಟಿ ಜನ. ಇಷ್ಟು ದೊಡ್ಡ ಗಡಿಯೂ ಹೊಸಕೋಟೆ ತಾಲ್ಲೂಕಿಗೇ ಮುಗಿಯುತ್ತದೆ. ಮಾಲೂರು ಆಚೆ ಉಳಿಯುತ್ತದೆ.

ಸಂವಿಧಾನದ 243ಪಿ ವಿಧಿಯಲ್ಲಿ ‘ಮಹಾನಗರ ಪ್ರದೇಶ’ಕ್ಕೆ ವ್ಯಾಖ್ಯೆ ಇದೆ: 10 ಲಕ್ಷಕ್ಕೆ ಕಡಿಮೆಯಿಲ್ಲದ ಜನ, ಎರಡು ಅಥವಾ ಹೆಚ್ಚು ಪುರಸಭೆ, ಪಂಚಾಯಿತಿ ಅಥವಾ ಒತ್ತಿನ ಪ್ರದೇಶಗಳು, ಮೇಲೆ ರಾಜ್ಯಪಾಲರ ಅಧಿಸೂಚನೆ. ಯಾರು ಎಲ್ಲಿಂದ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ ಎಂಬ ಮಾತೇ ಇದರಲ್ಲಿಲ್ಲ. ಅಮೆರಿಕದ ಮಹಾನಗರ ಪ್ರದೇಶಗಳ ಪಟ್ಟಿಯಲ್ಲಿ ಹೊರಗಿನ ಕೌಂಟಿಯನ್ನು ಒಳಗೆ ತರುವುದೇ ದಿನದ ಓಡಾಟದ ಪ್ರಮಾಣ. ಅಲ್ಲಿಯ ಪಠ್ಯ ಓದಿ ಇಲ್ಲಿಯ ಅಂಕಿಗಳನ್ನು ಕೂಡಿಸುವವರು ಮೊದಲು ಎಡವುವುದು ಇಲ್ಲೇ.

ಹಾಗಾಗಿ ಎರಡು ಪ್ರತ್ಯೇಕ ಕೋಷ್ಟಕ ಮಾಡಿ. ಒಂದು ಕಾನೂನಿನ ಗಡಿಯದು, ಇನ್ನೊಂದು ‘ಓಡಾಟದ ವಲಯ’ದ್ದು. ಎರಡನೆಯದಕ್ಕೆ ಮಾಲೂರು ತಾಲ್ಲೂಕನ್ನೂ ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಹೋಬಳಿಗಳನ್ನೂ ತೆಗೆದುಕೊಳ್ಳಬಹುದು. ಎರಡರ ಮೊತ್ತವನ್ನು ‘ಬೆಂಗಳೂರಿನ ಜನಸಂಖ್ಯೆ’ ಎಂದು ಮಾತ್ರ ಬರೆಯಬೇಡಿ. ಓಡಾಟಕ್ಕೆ ಆಧಾರ ಬೇಕಾದರೆ 2011ರ ಗಣತಿಯ ಬಿ–28 ಕೋಷ್ಟಕ ನೋಡಿ. ‘ಇತರೆ ಕೆಲಸಗಾರರು’ (ಸಾಗುವಳಿ, ಕೃಷಿ ಕೂಲಿ, ಗೃಹ ಕೈಗಾರಿಕೆ ಬಿಟ್ಟು ಉಳಿದ ಕೆಲಸದವರು) ಮನೆಯಿಂದ ಎಷ್ಟು ದೂರ, ಯಾವ ವಾಹನದಲ್ಲಿ ಹೋಗುತ್ತಾರೆ ಎಂಬುದು ಅದರಲ್ಲಿದೆ. ಎಲ್ಲಿಗೆ ಎಂಬುದಿಲ್ಲ. ಮಾಲೂರಿನವರು ಹೊಸೂರಿಗೂ ಹೋಗುತ್ತಾರಲ್ಲ, ದೂರದ ಅಂಕಿಯನ್ನೆಲ್ಲ ಬೆಂಗಳೂರಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಮಾಲೂರು, ಟೇಕಲ್, ಬಂಗಾರಪೇಟೆ ನಿಲ್ದಾಣಗಳಲ್ಲಿ ಮಾರಾಟವಾದ ಸೀಸನ್ ಟಿಕೆಟ್‌ಗಳ ಸಂಖ್ಯೆಯನ್ನು ಮಾಹಿತಿ ಹಕ್ಕಿನಡಿ ಕೇಳಿ, ಗಮ್ಯ ನಿಲ್ದಾಣದ ಸಮೇತ. ಮೂರು ತಿಂಗಳ ಪಾಸು ಪಡೆದವರು ಮಾರಾಟದ ಪಟ್ಟಿಯಲ್ಲಿ ಒಂದೇ ಸಲ ಬರುತ್ತಾರೆ. ಅವರನ್ನು ಮೂರೂ ತಿಂಗಳಿಗೆ ಎಣಿಸದಿದ್ದರೆ ಓಡಾಟ ಕಡಿಮೆ ಕಾಣುತ್ತದೆ.

ಗಡಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. 2001ರಲ್ಲಿ ಬೆಂಗಳೂರು ಪಾಲಿಕೆಯಲ್ಲಿ 43,01,326 ಜನರಿದ್ದರು. ಅದನ್ನು 2011ರ ಬಿಬಿಎಂಪಿ ಸಂಖ್ಯೆಯ ಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಶೇ 96ರ ಬೆಳವಣಿಗೆ! ನಿಜದಲ್ಲಿ ನಡುವೆ, 2007ರಲ್ಲಿ, ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಗೆ ಸೇರಿದವು. ಗಡಿ ಹೆಚ್ಚು ಅಲುಗದ ನಗರ ಜಿಲ್ಲೆಯ ಲೆಕ್ಕದಲ್ಲಿ ಬೆಳವಣಿಗೆ ಶೇ 47. ಪತ್ರಿಕೆಗಳಲ್ಲಿ ಇಂದಿಗೂ ಮೊದಲಿನ ಅಂಕಿ ಕಾಣಿಸಿಕೊಳ್ಳುತ್ತದೆ.

ಪ್ರಶ್ನೆ: 2001ರಲ್ಲಿ ಕೋಲಾರ ಜಿಲ್ಲೆಯಲ್ಲಿ 25,36,069 ಜನ, 2011ರಲ್ಲಿ 15,36,401. ಹತ್ತು ಲಕ್ಷ ಜನ ಎಲ್ಲಿ ಹೋದರು?
— ಚಿಂತಾಮಣಿ

ಉತ್ತರ: ನಿಮ್ಮ ಊರೂ ಸೇರಿ ಆರು ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದವು. ಈಗಿನ ಗಡಿಗೆ ಹೊಂದಿಸಿದರೆ 2001ರಲ್ಲಿ ಕೋಲಾರ 13,87,062, ಚಿಕ್ಕಬಳ್ಳಾಪುರ 11,49,007. 2011ರಲ್ಲಿ ಕ್ರಮವಾಗಿ 15,36,401 ಮತ್ತು 12,55,104. ಕೋಲಾರದ ಏರಿಕೆ ಶೇ 10.77, ಚಿಕ್ಕಬಳ್ಳಾಪುರದ್ದು ಶೇ 9.23.

ಜಿಲ್ಲೆಯ ಹೆಸರು ನೋಡಿ ಹೋಲಿಸಬೇಡಿ, ತಾಲ್ಲೂಕಿನಿಂದ ಕೂಡಿಕೊಂಡು ಬನ್ನಿ. ಈಚೆಗೆ ತಾಲ್ಲೂಕುಗಳೂ ಒಡೆದಿವೆ. ಬಂಗಾರಪೇಟೆಯಿಂದ ಕೆಜಿಎಫ್ ಬೇರೆಯಾಯಿತು, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಚೇಳೂರು, ಮಂಚೇನಹಳ್ಳಿ ಹೊಸ ತಾಲ್ಲೂಕುಗಳಾದವು. ಇವಕ್ಕೆ 2011ರ ಅಂಕಿ ಬೇಕೆಂದರೆ ಹಳ್ಳಿಯ ಮಟ್ಟದಿಂದಲೇ ಕೂಡಬೇಕು.

ಪ್ರಶ್ನೆ: ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕುಗಳ ಊರುವಾರು ಹಾಳೆಯನ್ನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೇವೆ. ಜನಗಣತಿಯ ಪ್ರಾಥಮಿಕ ಸಾರ (ಪ್ರೈಮರಿ ಸೆನ್ಸಸ್ ಅಬ್ಸ್ಟ್ರಾಕ್ಟ್) ಕಡತವನ್ನು ಇಳಿಸಿಕೊಂಡು ಜನಸಂಖ್ಯೆಯ ಕಾಲಂ ಕೂಡಿದರೆ ಒಂದು ಕೋಟಿ ಮೂವತ್ತು ಲಕ್ಷ ದಾಟುತ್ತದೆ. ಕಡತವೇ ತಪ್ಪೇ?
— ಪದವಿ ಕಾಲೇಜಿನ ಅಧ್ಯಾಪಕರು, ತುಮಕೂರು

ಉತ್ತರ: ಕಡತ ಸರಿಯಾಗಿದೆ. ಅದರಲ್ಲಿ ಒಬ್ಬನೇ ಮನುಷ್ಯ ಐದಾರು ಸಲ ಬರುತ್ತಾನೆ. ಜಿಲ್ಲೆಗೆ ‘ಒಟ್ಟು’, ‘ಗ್ರಾಮೀಣ’, ‘ನಗರ’ ಎಂದು ಮೂರು ಸಾಲು, ಪ್ರತಿ ತಾಲ್ಲೂಕಿಗೂ ಹಾಗೇ ಮೂರು, ಆಮೇಲೆ ಹಳ್ಳಿ ಮತ್ತು ಪಟ್ಟಣ, ಪಟ್ಟಣದ ಕೆಳಗೆ ವಾರ್ಡುಗಳು. ‘ಲೆವೆಲ್’ ಕಾಲಂನಲ್ಲಿ ಹಳ್ಳಿ ಮತ್ತು ಪಟ್ಟಣದ ಸಾಲುಗಳನ್ನು ಮಾತ್ರ ಫಿಲ್ಟರ್ ಮಾಡಿ ಕೂಡಿ. 26,78,980 ಬರಬೇಕು. ಒಂದು ಅಂಕಿ ಹೆಚ್ಚು ಕಡಿಮೆಯಾದರೂ ಮುಂದಕ್ಕೆ ಹೋಗಬೇಡಿ, ಕಾರಣ ಹುಡುಕಿ.

ನಗರ ಸಮೂಹಗಳ ಕೋಷ್ಟಕದಲ್ಲೂ ಇದೇ ತೊಡಕು. ಮೇಲಿನ ಸಾಲಿನಲ್ಲಿ ಸಮೂಹದ ಮೊತ್ತ, ಕೆಳಗೆ ಅದರ ಅಂಗಗಳಾದ ಪಾಲಿಕೆ, ಗಣತಿ ಪಟ್ಟಣ (ಮುಂದೆ ವಿವರಿಸಿದೆ), ಪಟ್ಟಣಕ್ಕೆ ಅಂಟಿ ಬೆಳೆದ ಔಟ್‌ಗ್ರೋತ್‌ಗಳು. ಎರಡನ್ನೂ ಕೂಡಿದರೆ ನಗರದ ಜನ ದುಪ್ಪಟ್ಟು.

ಇನ್ನು ಹಾಳೆಯ ಕಟ್ಟುವಿಕೆ. ಮೊದಲ ನಾಲ್ಕು ಕಾಲಂ ಸಂಕೇತಗಳಿಗೇ ಇರಲಿ: ರಾಜ್ಯ (ಕರ್ನಾಟಕಕ್ಕೆ 29), ಮೂರಂಕಿಯ ಜಿಲ್ಲೆ, ಐದಂಕಿಯ ತಾಲ್ಲೂಕು, ಆರಂಕಿಯ ಊರು ಅಥವಾ ಪಟ್ಟಣ. ಈ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿದ ಮೇಲೆಯೇ ಕಡತ ತೆರೆಯಿರಿ. ಇಲ್ಲದಿದ್ದರೆ ಎಕ್ಸೆಲ್ ತಾಲ್ಲೂಕು ಸಂಕೇತದ ಮುಂದಿನ ಸೊನ್ನೆಯನ್ನು ನುಂಗುತ್ತದೆ, ಎರಡು ಹಾಳೆಗಳನ್ನು ಜೋಡಿಸುವಾಗ ಒಂದೂ ಕೂಡಿಬರುವುದಿಲ್ಲ. ಹೆಸರಿನ ಮೇಲೆ ಜೋಡಿಸುವುದಂತೂ ಬೇಡವೇ ಬೇಡ. ಹೊಸಹಳ್ಳಿ, ರಾಮಪುರ ಎಂಬ ಊರುಗಳು ಎಷ್ಟಿವೆ ಎಂದು ನಿಮಗೇ ಗೊತ್ತು. ಅದರ ಮೇಲೆ 2014ರಲ್ಲಿ ‘ತುಮಕೂರು’ ಎಂಬ ಹೆಸರಿನ ಇಂಗ್ಲಿಷ್ ಬರಹವೇ ಬದಲಾಯಿತು. ಹಳೆಯ ಕಡತದಲ್ಲಿ ಒಂದು ಕಾಗುಣಿತ, ಹೊಸದರಲ್ಲಿ ಇನ್ನೊಂದು.

ಪ್ರತಿ ಸಾಲಿಗೂ ಮೂರು ತಾಳೆ ಹಾಕಿ. ಗಂಡಸರು ಮತ್ತು ಹೆಂಗಸರು ಕೂಡಿದರೆ ಒಟ್ಟು ಜನ. ಮುಖ್ಯ ಕೆಲಸಗಾರರು (ವರ್ಷದಲ್ಲಿ ಆರು ತಿಂಗಳಾದರೂ ದುಡಿದವರು), ಅಲ್ಪಕಾಲಿಕ ಕೆಲಸಗಾರರು (ಅದಕ್ಕಿಂತ ಕಡಿಮೆ ದುಡಿದವರು), ಕೆಲಸ ಮಾಡದವರು ಕೂಡಿದರೆ ಮತ್ತೆ ಒಟ್ಟು ಜನ. ಮುಖ್ಯ ಕೆಲಸಗಾರರೊಳಗೆ ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ಇತರೆ ಎಂಬ ನಾಲ್ಕೂ ಕೂಡಬೇಕು. ಯಾವುದಾದರೂ ಸಾಲು ತಪ್ಪಿದರೆ ಬಹುಪಾಲು ಅದು ಪಿಡಿಎಫ್‌ನಿಂದ ನಕಲು ಮಾಡಿದ ಸಾಲು: ‘26,78,980’ ಎಂದು ಅಲ್ಪವಿರಾಮದ ಸಮೇತ ಬಂದ ಸಂಖ್ಯೆ ಪಠ್ಯವಾಗಿ ಕೂತಿರುತ್ತದೆ, ಕೂಡುವಾಗ ಎಕ್ಸೆಲ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಜಿಲ್ಲಾ ಸಾಂಖ್ಯಿಕ ಅಧಿಕಾರಿಗಳ ಕಚೇರಿಯ ‘ಜಿಲ್ಲಾ ಅಂಕಿಅಂಶಗಳ ನೋಟ’ದ ಹಳೆಯ ಸಂಪುಟಗಳು ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಅಕ್ಷರದಲ್ಲಿದ್ದರೆ ನಕಲು ಮಾಡಿದಾಗ ಊರ ಹೆಸರುಗಳು ಚಿತ್ರವಿಚಿತ್ರ ಚಿಹ್ನೆಗಳಾಗುತ್ತವೆ. ಅದಕ್ಕೆ ಯೂನಿಕೋಡ್ ಪರಿವರ್ತಕ ಬಳಸಿ. ಅಂಕಿಗಳನ್ನು ಮಾತ್ರ ಪುಟ ನೋಡಿ ಇನ್ನೊಮ್ಮೆ ಓದಿಕೊಳ್ಳಿ.

ಜನಸಂಖ್ಯೆ ಸೊನ್ನೆ ಇರುವ ಊರುಗಳನ್ನು ‘ಮಾಹಿತಿ ಇಲ್ಲ’ ಎಂದು ಅಳಿಸಬೇಡಿ, ಅವು ಬೇಚರಾಕ್ ಗ್ರಾಮಗಳು. ಜನ ಇಲ್ಲ, ಜಮೀನು ಇದೆ. ಅಳಿಸಿದರೆ ತಾಲ್ಲೂಕಿನ ವಿಸ್ತೀರ್ಣ ಕುಗ್ಗಿ ಜನಸಾಂದ್ರತೆ ಏರಿಬಿಡುತ್ತದೆ. ಇದಕ್ಕೆ ತಿರುಗುಮುರುಗಾದದ್ದು ಗೊಲ್ಲರಹಟ್ಟಿ, ತಾಂಡಾಗಳ ಸಂಗತಿ. ಕಂದಾಯ ಗ್ರಾಮದ ಮಜರೆಗಳಾಗಿ (ಉಪಗ್ರಾಮಗಳಾಗಿ) ಉಳಿದಿರುವ ಇಂಥ ಕಡೆ ಜನ ಇದ್ದಾರೆ, ಗಣತಿಯ ಪಟ್ಟಿಯಲ್ಲಿ ಸಾಲು ಇಲ್ಲ. ಅವರ ಸಂಖ್ಯೆ ಮೂಲ ಗ್ರಾಮದೊಳಗೆ ಸೇರಿರುತ್ತದೆ.

ಹೋಬಳಿವಾರು ಲೆಕ್ಕವನ್ನು ಜನಗಣತಿ ಪ್ರಕಟಿಸುವುದಿಲ್ಲ, ಮಳೆ ಬೆಳೆಯ ಲೆಕ್ಕವೆಲ್ಲ ಇರುವುದು ಹೋಬಳಿಯಲ್ಲಿ. ತಹಶೀಲ್ದಾರ್ ಕಚೇರಿಯಿಂದ ಹೋಬಳಿಯ ಗ್ರಾಮಗಳ ಪಟ್ಟಿ ತಂದು ಹಾಳೆಗೆ ಐದನೇ ಕಾಲಂ ಆಗಿ ‘ಹೋಬಳಿ’ ಸೇರಿಸಿ. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಬೆಳೆಯನ್ನೂ ಜನರನ್ನೂ ಒಂದೇ ಹಾಳೆಯಲ್ಲಿ ನೋಡಬಹುದು.

ಸಾಕ್ಷರತೆ ಲೆಕ್ಕ ಹಾಕುವಾಗ ಭಾಗಿಸಬೇಕಾದದ್ದು ಒಟ್ಟು ಜನರಿಂದಲ್ಲ, ಏಳು ವರ್ಷ ದಾಟಿದವರಿಂದ. ಊರಲ್ಲಿ 1,000 ಜನ, ಆರರವರೆಗಿನ ಮಕ್ಕಳು 110, ಸಾಕ್ಷರರು 667 ಎಂದುಕೊಳ್ಳಿ. ದರ ಶೇ 66.7 ಅಲ್ಲ, 890ರಿಂದ ಭಾಗಿಸಿ ಶೇ 74.9.

ಪ್ರಶ್ನೆ: ಗ್ರಾಮ ಪಂಚಾಯಿತಿ ಇರುವ ನಮ್ಮೂರು ಗಣತಿಯಲ್ಲಿ ‘ಪಟ್ಟಣ’ ಎಂದಿದೆ. ಅನುದಾನಕ್ಕೆ ಇದರಿಂದ ತೊಂದರೆಯೇ?
— ಪಂಚಾಯಿತಿ ಸದಸ್ಯರು, ತುಮಕೂರು ತಾಲ್ಲೂಕು

ಉತ್ತರ: ಇದು ಗಣತಿ ಪಟ್ಟಣ. 5,000 ಜನ, ಚದರ ಕಿ.ಮೀ.ಗೆ 400ರ ಸಾಂದ್ರತೆ, ಗಂಡಸರಲ್ಲಿ ಮುಖ್ಯ ಕೆಲಸಗಾರರ ಶೇ 75 ಮಂದಿ ಬೇಸಾಯದಾಚೆ ದುಡಿಯುವವರು. ಮೂರೂ ಇದ್ದರೆ ಗಣತಿಯವರು ಪಟ್ಟಣ ಎಂದು ಎಣಿಸುತ್ತಾರೆ, ಆಡಳಿತ ಪಂಚಾಯಿತಿಯದ್ದೇ. ದೇಶದಲ್ಲಿ ಇಂಥವು 2001ರಲ್ಲಿ 1,362 ಇದ್ದದ್ದು 2011ಕ್ಕೆ 3,800 ದಾಟಿದವು. 2011ರ ಪಟ್ಟಿಯನ್ನು ಆರಿಸಿದ್ದು 2001ರ ಕೆಲಸಗಾರರ ಅಂಕಿ ನೋಡಿ ಎಂಬುದು ನೆನಪಿರಲಿ. ಅಂಕಿ ಕೂಡಿಸುವ ಹಾಳೆಯಲ್ಲಿ ಮಾತ್ರ ಇದು ಗೊಂದಲ ತರುತ್ತದೆ: ಜನರನ್ನು ನಗರದ ಕಾಲಂನಲ್ಲೂ ಮನೆ ಕಂದಾಯವನ್ನು ಗ್ರಾಮದ ಕಾಲಂನಲ್ಲೂ ಬರೆದರೆ ತಲಾ ಲೆಕ್ಕ ಎರಡು ಕಡೆಯೂ ಕೆಡುತ್ತದೆ.

ಪ್ರಶ್ನೆ: ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಮೆ ಹೇಗೆ ಬದಲಾಯಿತು ಎಂದು ನೋಡಲು ಯಾವ ವರ್ಷಗಳನ್ನು ಹೋಲಿಸಬೇಕು?
— ಊರಿಗಾಂ

ಉತ್ತರ: 2001ನ್ನು ‘ಮುಚ್ಚಿದ ನಂತರ’ ಎಂದು ಎಣಿಸಬೇಡಿ. ಗಣಿ ನಿಂತದ್ದು 2001ರ ಫೆಬ್ರವರಿ ಕೊನೆಗೆ, ಗಣತಿಯ ಉಲ್ಲೇಖ ದಿನ, ಅಂದರೆ ಎಣಿಕೆ ಯಾವ ದಿನದ ಸ್ಥಿತಿಯದೋ ಆ ದಿನ, ಮಾರ್ಚ್ 1. ಆದರೆ ಕೆಲಸದ ಪ್ರಶ್ನೆ ಕೇಳುವುದು ಹಿಂದಿನ ಹನ್ನೆರಡು ತಿಂಗಳ ಬಗ್ಗೆ, ಆರು ತಿಂಗಳಿಗೆ ಕಡಿಮೆಯಿಲ್ಲದೆ ದುಡಿದವರು ಮುಖ್ಯ ಕೆಲಸಗಾರರು. ಆ ವರ್ಷ ಪೂರ್ತಿ ಗಣಿಯಲ್ಲಿ ದುಡಿದು ಕೊನೆಗೆ ಮನೆಗೆ ಬಂದವರೂ ಈ ನಿಯಮದಂತೆ ಕೆಲಸಗಾರರೇ. 2001 ನಿಮಗೆ ‘ಮೊದಲು’, 2011 ‘ನಂತರ’. ಕೋಷ್ಟಕದಲ್ಲಿ ಕೆಜಿಎಫ್ ಎಂದು ಹುಡುಕಿ ಸಿಗದಿದ್ದರೆ ರಾಬರ್ಟ್‌ಸನ್‌ಪೇಟೆ ಎಂದು ನೋಡಿ.

2011ರ ಅಂಕಿಯಲ್ಲಿ ‘ಇತರೆ ಕೆಲಸಗಾರರು’ ಎಷ್ಟಿದ್ದರೂ ಊರಿನಲ್ಲಿ ಅಷ್ಟು ಕೆಲಸ ಇದೆ ಎಂದು ಓದಬಾರದು. ಜನಗಣತಿ ಎಣಿಸುವುದು ಮಲಗುವ ಊರಿನಲ್ಲಿ. ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವವರೂ ಕೆಜಿಎಫ್ ಕೆಲಸಗಾರರೇ. ಆರ್ಥಿಕ ಗಣತಿ ಎಣಿಸುವುದು ದುಡಿಯುವ ಜಾಗದಲ್ಲಿ. ಎರಡರ ಅಂತರವೇ ನಿಮಗೆ ಬೇಕಾದ ವಿಷಯ. ಆದರೆ 2013–14ರ ಆರನೇ ಆರ್ಥಿಕ ಗಣತಿಯಲ್ಲಿ ಬೆಳೆ ಬೆಳೆಯುವ ಕೆಲಸ, ಸರ್ಕಾರಿ ಆಡಳಿತ, ರಕ್ಷಣೆ ಇಲ್ಲ. ಜನಗಣತಿಯ ಕಡೆಯಿಂದಲೂ ಅವನ್ನು ಕಳೆದೇ ಹೋಲಿಸಿ.

ಪ್ರಶ್ನೆ: ಜಿಲ್ಲೆಯ ತಲಾ ಆದಾಯ ಒಂದೊಂದು ವರದಿಯಲ್ಲಿ ಒಂದೊಂದು ಥರ ಇದೆ. ಯಾವುದನ್ನು ನಂಬುವುದು? ತಾಲ್ಲೂಕಿನ ತಲಾ ಆದಾಯ ಸಿಗುತ್ತದೆಯೇ?
— ಗೌರಿಬಿದನೂರು

ಉತ್ತರ: ಎಲ್ಲವೂ ಸರಿ ಇರಬಹುದು. ಕೋಷ್ಟಕದ ತಲೆಬರಹದಲ್ಲಿ ನಾಲ್ಕು ಸಂಗತಿ ನೋಡಿ: ಪ್ರಚಲಿತ ಬೆಲೆಯೋ ಸ್ಥಿರ ಬೆಲೆಯೋ, ಆಧಾರ ವರ್ಷ 2004–05ರದೋ 2011–12ರದೋ, ಒಟ್ಟು ಉತ್ಪನ್ನವೋ ಸವಕಳಿ ಕಳೆದ ನಿವ್ವಳವೋ, ಅಂದಾಜು ಮೊದಲ ಸಲದ್ದೋ ಪರಿಷ್ಕೃತವೋ. ಹಳೆಯ, ಹೊಸ ಸರಣಿಗಳನ್ನು ಒಂದೇ ಗೆರೆಯಲ್ಲಿ ತೋರಿಸಬೇಕಾದರೆ ಎರಡರಲ್ಲೂ ಇರುವ ವರ್ಷವನ್ನು ಹಿಡಿಯಿರಿ. 2011–12ರ ಹೊಸ ಅಂಕಿಯನ್ನು ಅದೇ ವರ್ಷದ ಹಳೆಯ ಅಂಕಿಯಿಂದ ಭಾಗಿಸಿ, ಬಂದ ಗುಣಕದಿಂದ ಹಿಂದಿನ ವರ್ಷಗಳನ್ನೆಲ್ಲ ಗುಣಿಸಿ. ವಲಯವಾರು ಬೇರೆ ಬೇರೆ ಗುಣಕ ತೆಗೆಯುವುದು ಮೇಲು, ಸೇವಾ ವಲಯ ಮತ್ತು ಬೇಸಾಯದ ಪರಿಷ್ಕರಣೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ಜಿಲ್ಲಾ ಉತ್ಪನ್ನವನ್ನು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಲೆಕ್ಕ ಹಾಕುತ್ತದೆ. ಬೆಳೆಯ ಭಾಗ ಜಿಲ್ಲೆಯ ವಿಸ್ತೀರ್ಣ ಮತ್ತು ಇಳುವರಿಯಿಂದಲೇ ಬರುತ್ತದೆ. ರೈಲ್ವೆ, ಬ್ಯಾಂಕ್, ಸಂಪರ್ಕದಂಥವುಗಳಲ್ಲಿ ರಾಜ್ಯದ ಮೊತ್ತವನ್ನು ಸೂಚಕಗಳ ಮೇಲೆ ಜಿಲ್ಲೆಗಳಿಗೆ ಹಂಚುತ್ತಾರೆ. ಆದ್ದರಿಂದ ಸೇವಾ ವಲಯದ ಒಂದೆರಡು ವರ್ಷದ ಏರಿಳಿತದ ಮೇಲೆ ವಾದ ಕಟ್ಟುವುದು ದುರ್ಬಲ. ಬೇಸಾಯದ ಏರಿಳಿತ ನಿಜವೇ, ಆದರೆ ಬರದ ವರ್ಷವನ್ನು ಮೊದಲ ಬಿಂದುವಾಗಿ ಇಟ್ಟರೆ ಯಾವ ಜಿಲ್ಲೆಯೂ ದಾಪುಗಾಲು ಹಾಕಿದಂತೆ ಕಾಣುತ್ತದೆ. ಮೂರು ವರ್ಷದ ಸರಾಸರಿ ಬಳಸಿ.

ಮುಖ್ಯವಾದದ್ದು ಇನ್ನೊಂದಿದೆ. ಇದು ಜಿಲ್ಲೆಯಲ್ಲಿ ಹುಟ್ಟಿದ ಆದಾಯ, ಜಿಲ್ಲೆಯವರ ಕೈಸೇರಿದ ಆದಾಯವಲ್ಲ. ದೊಡ್ಡಬಳ್ಳಾಪುರ, ಯಲಹಂಕದ ಕಡೆ ದುಡಿದು ಗೌರಿಬಿದನೂರಿಗೆ ಮರಳುವವರ ಉತ್ಪನ್ನ ಬೆಂಗಳೂರಿನ ಜಿಲ್ಲೆಗಳ ಲೆಕ್ಕಕ್ಕೆ, ತಲೆ ಮಾತ್ರ ಚಿಕ್ಕಬಳ್ಳಾಪುರದ ಭಾಜಕಕ್ಕೆ. ಬೆಂಗಳೂರಿನ ತಲಾ ಆದಾಯ ಉಬ್ಬುವುದರಲ್ಲಿ, ಸುತ್ತಲ ಜಿಲ್ಲೆಗಳದ್ದು ತಗ್ಗುವುದರಲ್ಲಿ ಇದರ ಪಾಲೂ ಇದೆ. ತಾಲ್ಲೂಕಿನ ತಲಾ ಆದಾಯ ಎಂದು ಯಾರಾದರೂ ಕೊಟ್ಟರೆ ಹೇಗೆ ಹಂಚಿದರು ಎಂದು ಕೇಳಿ. ಜನಸಂಖ್ಯೆಯ ಪ್ರಮಾಣದಲ್ಲಿ ಹಂಚಿದ್ದರೆ ಎಲ್ಲ ತಾಲ್ಲೂಕಿಗೂ ಒಂದೇ ತಲಾ ಆದಾಯ ಬರುತ್ತದೆ, ಲೆಕ್ಕ ಮಾಡಿದ್ದೇ ದಂಡ.

ಪ್ರಶ್ನೆ: ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಎಷ್ಟು ಉದ್ಯೋಗ ಎಂದು ವಾರ್ಷಿಕ ಕೈಗಾರಿಕಾ ಸಮೀಕ್ಷೆಯಿಂದ ತೆಗೆಯಬಹುದೇ?
— ತಿಪಟೂರು

ಉತ್ತರ: ಆಗದು. ಆ ಸಮೀಕ್ಷೆಯ ಅಂದಾಜುಗಳು ಒಂದು ಕೈಗಾರಿಕಾ ಪ್ರದೇಶದ ಮಟ್ಟಕ್ಕೆ ಇಳಿಯುವುದಿಲ್ಲ. ಜೊತೆಗೆ 1948ರ ಕಾರ್ಖಾನೆ ಕಾಯ್ದೆಯ ಕಾಲದ ಸಮೀಕ್ಷೆಗಳು ಮುಖ್ಯವಾಗಿ ಹಿಡಿದದ್ದು ವಿದ್ಯುತ್ ಇದ್ದರೆ ಹತ್ತು, ಇಲ್ಲದಿದ್ದರೆ ಇಪ್ಪತ್ತು ಕೆಲಸಗಾರರಿರುವ ನೋಂದಾಯಿತ ಕಾರ್ಖಾನೆಗಳನ್ನು. ಚಿಕ್ಕ ಶೆಡ್ಡುಗಳು ಹೊರಗೆ. ಕಾರ್ಖಾನೆಗಳ ಇಲಾಖೆಯ ನೋಂದಣಿ ಪಟ್ಟಿಯಿಂದ ಶುರು ಮಾಡಿ, ಅಲ್ಲಿನ ‘ಅನುಮತಿಸಿದ ಗರಿಷ್ಠ ಕೆಲಸಗಾರರು’ ಎಂಬುದನ್ನು ನಿಜವಾಗಿ ಇರುವವರು ಎಂದು ತಿಳಿಯಬೇಡಿ.

ಪ್ರಶ್ನೆ: ವರದಿಗೆ ಈಗಿನ ಜನಸಂಖ್ಯೆ ಬೇಕು, ಇರುವುದು 2011ರದ್ದು. ಪಡಿತರ ಚೀಟಿ, ಮತದಾರರ ಪಟ್ಟಿಯಿಂದ ಅಂದಾಜಿಸಬಹುದೇ?
— ಶಿಡ್ಲಘಟ್ಟ

ಉತ್ತರ: ತಾಳೆಗೆ ಬಳಸಿ, ಮೂಲವಾಗಿ ಬೇಡ. ಮತದಾರರ ಪಟ್ಟಿಯಲ್ಲಿ 18 ದಾಟಿದವರು ಮಾತ್ರ. ಬೆಂಗಳೂರಿನಲ್ಲಿ ನೆಲೆಸಿದವರ ಹೆಸರು ಊರಿನ ಪಟ್ಟಿಯಲ್ಲೂ ಪಡಿತರ ಚೀಟಿಯಲ್ಲೂ ಉಳಿದಿರುವುದು ನಮ್ಮ ಕಡೆ ಸಾಮಾನ್ಯ.

ಸಾಮಾನ್ಯ ಕ್ರಮ, ರಾಜ್ಯದ ಅಧಿಕೃತ ಪ್ರಕ್ಷೇಪಣದಿಂದ, ಅಂದರೆ ಮುಂದಿನ ವರ್ಷಗಳ ಅಂದಾಜಿನಿಂದ (2011–2036ರ ತಾಂತ್ರಿಕ ತಂಡದ ವರದಿ ರಾಜ್ಯಮಟ್ಟದ್ದು) ಕೆಳಗಿಳಿಯುವುದು. ಇದಕ್ಕೆ ಎರಡು ದಾರಿಗಳಿವೆ, ಎರಡರ ಉತ್ತರಕ್ಕೂ ಅಜಗಜಾಂತರ. ತುಮಕೂರು ಜಿಲ್ಲೆ 2011ರಲ್ಲಿ ರಾಜ್ಯದ ಜನರಲ್ಲಿ ಶೇ 4.38. ಈ ಪಾಲು ಬದಲಾಗದು ಎಂದುಕೊಂಡರೆ ರಾಜ್ಯದಲ್ಲಿ 10 ಲಕ್ಷ ಜನ ಹೆಚ್ಚಿದಾಗ ಜಿಲ್ಲೆಯಲ್ಲಿ ಸುಮಾರು 43,800 ಹೆಚ್ಚುತ್ತಾರೆ. ಆದರೆ 2001ರಿಂದ 2011ರವರೆಗೆ ರಾಜ್ಯದಲ್ಲಿ ಹೆಚ್ಚಿದ 82,44,735 ಜನರಲ್ಲಿ ತುಮಕೂರಿನವರು 94,269 ಮಾತ್ರ, ಶೇ 1.14. ಈ ಬೆಳವಣಿಗೆಯ ಪಾಲು ಹಿಡಿದರೆ 10 ಲಕ್ಷಕ್ಕೆ 11,400. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ರಾಜ್ಯದ ಬೆಳವಣಿಗೆಯ ಶೇ 37ನ್ನು ಎಳೆದುಕೊಂಡಿತ್ತು. ಹಳ್ಳಿ ಹೆಚ್ಚಿರುವ ತಾಲ್ಲೂಕುಗಳಿಗೆ ಎರಡನೇ ದಾರಿ ವಾಸ್ತವಕ್ಕೆ ಹತ್ತಿರ. ಹೊಸ ಕಾರ್ಖಾನೆ ಬಂದ ಹೋಬಳಿಗಳಿಗೆ ಅದು ಕಡಿಮೆ ಹೇಳುತ್ತದೆ. ಎರಡನ್ನೂ ಮಾಡಿ, ನಡುವಿನ ವ್ಯಾಪ್ತಿಯನ್ನೇ ವರದಿಯಲ್ಲಿ ಕೊಡಿ. ಜನಸಂಖ್ಯೆ ಇಳಿದ ತಾಲ್ಲೂಕಿಗೆ ಬೆಳವಣಿಗೆಯ ಪಾಲು ಋಣವಾಗುತ್ತದೆ, ಅಲ್ಲಿ ಮೊದಲ ದಾರಿಯೇ ಗತಿ.

ಪ್ರಶ್ನೆ: 2027ರ ಗಣತಿಯ ಅಂಕಿ ಬಂದಾಗ ಈಗಿನ ಹಾಳೆಗಳು ಉಪಯೋಗಕ್ಕೆ ಬರುತ್ತವೆಯೇ?
— ಬಂಗಾರಪೇಟೆ

ಉತ್ತರ: ಬರುತ್ತವೆ, ಎರಡು ತಿದ್ದುಪಡಿಯೊಂದಿಗೆ. ಆ ಗಣತಿಗೆ ಆಡಳಿತ ಗಡಿಗಳು 2025ರ ಡಿಸೆಂಬರ್ 31ರಂದು ಇದ್ದಂತೆ. ಹಳೆಯ ಸಾಲುಗಳ ಪಕ್ಕ ‘2025ರ ತಾಲ್ಲೂಕು’, ‘2025ರ ಸ್ಥಳೀಯ ಸಂಸ್ಥೆ’ ಎಂಬ ಎರಡು ಕಾಲಂ ಈಗಲೇ ಸೇರಿಸಿಡಿ. ಬಿಬಿಎಂಪಿ ಜಾಗದಲ್ಲಿ ಬಂದ ಐದು ನಗರ ಪಾಲಿಕೆಗಳನ್ನು ಕೂಡಿದ ಮೇಲೆಯೇ 2011ರ ಜೊತೆ ಹೋಲಿಸಬೇಕು.

ಎರಡನೆಯದು ಕಾಲ. ಹಿಂದಿನ ಉಲ್ಲೇಖ ದಿನ 2011ರ ಮಾರ್ಚ್ 1, ಮುಂದಿನದು 2027ರ ಮಾರ್ಚ್ 1. ನಡುವೆ 16 ವರ್ಷ. ಹಾಳೆಯಲ್ಲಿ ‘ದಶಕದ ಬೆಳವಣಿಗೆ’ ಸೂತ್ರ ಹಾಗೇ ಉಳಿದರೆ ಎಲ್ಲ ಊರುಗಳೂ ಒಮ್ಮೆಗೇ ವೇಗ ಹಿಡಿದಂತೆ ಕಾಣುತ್ತವೆ. ಹೊಸ ಸಂಖ್ಯೆಯನ್ನು ಹಳೆಯದರಿಂದ ಭಾಗಿಸಿ ಹದಿನಾರನೇ ಮೂಲ ತೆಗೆದು ಒಂದನ್ನು ಕಳೆಯಿರಿ. 2001–2011ಕ್ಕೆ ಹತ್ತನೇ ಮೂಲ. ಹೀಗೆ ಮಾಡಿದರೆ ತುಮಕೂರು ಜಿಲ್ಲೆಯ ಹಳೆಯ ದಶಕದ ಶೇ 3.65 ವರ್ಷಕ್ಕೆ ಶೇ 0.36 ಆಗುತ್ತದೆ. ಹೊಸ ಅಂಕಿಯನ್ನು ಇಡಬೇಕಾದದ್ದು ಇದರ ಪಕ್ಕದಲ್ಲಿ.